ಗೋಣಿಯಲ್ಲಿ ತಿಕ್ಕಿದ ಸೇಬು

ಇವತ್ತು ಎದ್ದ ಕೂಡಲೇ ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ಕೋಳಿಗೂಡಿನ ಬಾಗಿಲು ತೆಗೆದೆ. ಉದ್ದಿನ ದೋಸೆ ಹೊಯ್ದು ಗಂಡನಿಗೆ ಕೊಟ್ಟೆ, ನಾನೂ ತಿಂದೆ. ಬಸಳೆ ಚಪ್ಪರದ ಒಂದು ಕಾಲು ವಾಲಿತ್ತು, ಅದಕ್ಕೆ ಹಗ್ಗ ಬಿಗಿದೆ. ಮೀನಿನ ಗಾಡಿಯವನ ಹತ್ತಿರ ಸ್ವಲ್ಪ ಜಗಳಾಡಿ ಬೂತಾಯಿ ತೆಗೆದುಕೊಂಡು, ಕ್ಲೀನು ಮಾಡಿ, ಉಪ್ಪು ಹಚ್ಚಿಟ್ಟೆ. ಮೊಣಗಂಟಿಗೆ ಎಣ್ಣೆ ತಿಕ್ಕಿಕೊಂಡೆ. ಮಧ್ಯಾಹ್ನದ ಮೇಲೆ ಸ್ವಸಹಾಯ ಸಂಘದ ಸಭೆಗೆ ಹೋಗಿ ಬಂದೆ. ಒಣಗಿದ ಬಟ್ಟೆ ಮಡಚಿಟ್ಟೆ.

ಸಭೆಯಲ್ಲಿ ನಮ್ಮ ಹಣ್ಣಿನ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸಿಕ್ಕಿದರು. ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಅವರು ಕೂರುತ್ತಾರೆ. ಒಬ್ಬಳು ಕೇಳಿದಳು:

"ಗಿರಿಜಕ್ಕ, ನೀವು ಅಷ್ಟು ವರ್ಷ ಎಂತ ಮಾಡಿದ್ದು ಅಲ್ಲಿ? ಕೊಳೆತದ್ದು ಆಚೆ, ಒಳ್ಳೆದು ಈಚೆ. ಅಷ್ಟೇ ಅಲ್ವಾ ಕೆಲಸ?"

"ಅಷ್ಟೇ ಮಾರಾಯ್ತಿ" ಎಂದು ನಕ್ಕು ಬಂದೆ. ಬಟ್ಟೆ ಮಡಚುವಾಗ ಆ ಮಾತು ಪುನಃ ನೆನಪಾಯಿತು. ಅಷ್ಟೇ ಅಲ್ಲ. ಅದಕ್ಕೆ ಇದನ್ನು ಬರೆಯಲು ಕೂತೆ. ನಾವು ಆಡಿದ್ದೆಲ್ಲ ತುಳುವಿನಲ್ಲಿ. ಬರೆಯುವಾಗ ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ.

ನಾನು ಬಂಟ್ವಾಳದ ಆ ಅಂಗಡಿಗೆ ಸೇರಿದ್ದು ಮದುವೆಯಾದ ಹೊಸತರಲ್ಲಿ, ಬಿಟ್ಟದ್ದು ಮೊಣಗಂಟು ಕುಕ್ಕರಗಾಲಿನಲ್ಲಿ ಕೂರಲು ಬಿಡದಿದ್ದಾಗ. ಹಣ್ಣು ಆರಿಸುವವಳಾಗಿ ಹೋದೆ, ಹಣ್ಣು ಆರಿಸುವವಳಾಗಿಯೇ ಬಂದೆ. ನಮ್ಮ ಕೆಲಸದಲ್ಲಿ ಮೇಲಿನ ಮೆಟ್ಟಿಲು ಅಂತ ಒಂದಿಲ್ಲ. ಎದುರಿನ ಅಂಗಡಿಯಲ್ಲಿ ಚಿಲ್ಲರೆ ಮಾರಾಟ, ಹಿಂದಿನ ಕೋಣೆಯಲ್ಲಿ ನಾವು. ಮಾಣಿ, ವಿಟ್ಲ, ಕನ್ಯಾನದ ಸಣ್ಣ ಅಂಗಡಿಗಳಿಗೆಲ್ಲ ಹಣ್ಣು ಹೋಗುತ್ತಿದ್ದದ್ದು ನಮ್ಮ ಕೈ ದಾಟಿಯೇ.

ಆಗ ಸೇಬು ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಒಳಗೆ ಒಣಹುಲ್ಲು. ಪೆಟ್ಟಿಗೆಯ ಹಲಗೆ ಕೀಳುವಾಗ ಕೈಗೆ ಮೊಳೆ ಚುಚ್ಚಿಸಿಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ಈಗ ರಟ್ಟಿನ ಪೆಟ್ಟಿಗೆ, ಒಂದೊಂದು ಹಣ್ಣಿಗೆ ಒಂದೊಂದು ಗುಳಿ, ಮೈಮೇಲೆ ಚೀಟಿ. ಮಾವು ಬೇಗ ಹಣ್ಣಾಗಲೆಂದು ಕೆಲವು ವರ್ಷ ಕಾರ್ಬೈಡ್ ಪುಡಿಯ ಪೊಟ್ಟಣ ಇಡುತ್ತಿದ್ದರು, ನಮ್ಮಲ್ಲಿಯೂ ಇತ್ತು. ಕೈಯೆಲ್ಲ ಉರಿಯುತ್ತಿತ್ತು. ಅದು ನಿಂತದ್ದು ಒಳ್ಳೆಯದಾಯಿತು. ಆದರೆ ಒಣಹುಲ್ಲಿನ ಪೆಟ್ಟಿಗೆ ತೆರೆದಾಗ ಕೋಣೆ ತುಂಬ ಬರುತ್ತಿದ್ದ ಪರಿಮಳ ಮಾತ್ರ ರಟ್ಟಿನ ಪೆಟ್ಟಿಗೆಯ ಜೊತೆ ಬರಲಿಲ್ಲ. ಈಗಲೂ ಎಲ್ಲಿಯಾದರೂ ಒಣಹುಲ್ಲು ಕಂಡರೆ ನನಗೆ ದನದ ನೆನಪಾಗುವುದಿಲ್ಲ, ಸೇಬಿನ ನೆನಪಾಗುತ್ತದೆ.

ಧಣಿ ಹಸನಾಕ. ದಪ್ಪ ಕನ್ನಡಕ, ಬಿಳಿ ಟೊಪ್ಪಿ, ಬಾಯಿ ತೆರೆದರೆ ಬೈಗಳು. ಹಣ್ಣನ್ನು ಕುಟ್ಟಿ ಹಾಕಿದರೆ, "ನಿನ್ನ ಮಾವನ ತಲೆಯಾ ಅದು, ಹಾಗೆ ಕುಕ್ಕಲಿಕ್ಕೆ?" ಎನ್ನುವರು. ಯಾರಿಗಾದರೂ ಜ್ವರ ಬಂದರೆ ಬೈಯುತ್ತಲೇ ಒಂದು ಚೀಲ ಮೂಸಂಬಿ ಮನೆಗೆ ಕಳಿಸುವರು. ಅವರು ಕಲಿಸಿದ್ದು ಒಂದೇ ಮಾತು: ಮೊದಲು ಮೂಗು, ಆಮೇಲೆ ಕೈ, ಕಣ್ಣು ಕೊನೆಗೆ. ಕಣ್ಣಿಗೆ ಚಂದ ಕಾಣುವ ಹಾಗೆ ಹಣ್ಣನ್ನು ಯಾರು ಬೇಕಾದರೂ ಒರೆಸಿಡಬಹುದು.

ಆ ಪಾಠ ನನಗೆ ಹತ್ತಿದ್ದು ಬೆಳ್ತಂಗಡಿ ಕಡೆಯ ಒಂದು ಜೈನರ ಮನೆಯಿಂದ. ದೊಡ್ಡ ಜಮೀನಿನವರು. ಅವರ ತೋಟದ ಚಿಕ್ಕು ನಮಗೆ ಬರುತ್ತಿತ್ತು, ನಮ್ಮ ಮಾವು ಅವರ ಮನೆಗೆ ಹೋಗುತ್ತಿತ್ತು. ಆ ಮನೆಯ ಅಮ್ಮ ಒಮ್ಮೆ ತಾವೇ ಬಂದು ನನ್ನ ಎದುರು ನಿಂತು ಹೇಳಿದರು: "ಹುಳ ಇರುವ ಹಣ್ಣು ಬೇಡಮ್ಮ. ತಿನ್ಲಿಕ್ಕೆ ಅಸಹ್ಯ ಅಂತ ಅಲ್ಲ. ಕತ್ತಿ ಹಾಕುವಾಗ ಅದರ ಜೀವ ಹೋದರೆ ನಮಗೆ ಆಗುವುದಿಲ್ಲ." ಹೊರಗೆ ತೂತಿಲ್ಲದ ಮಾವಿನ ಒಳಗೆ ಹುಳ ಇರುವುದು ಹೇಗೆ ತಿಳಿಯಬೇಕು? ಒಂದೊಂದನ್ನೂ ತೊಟ್ಟಿನ ಹತ್ತಿರ ಮೂಸಿ ಮೂಸಿ ಕಲಿತೆ. ಹುಳ ಹೊಕ್ಕ ಮಾವಿಗೆ ತೊಟ್ಟಿನಲ್ಲಿ ಹಳಸಿದ ಗಂಜಿಯ ವಾಸನೆಯ ಎಳೆಯೊಂದು ಇರುತ್ತದೆ. ಎಷ್ಟೋ ಬೇಸಗೆ ಹಾಗೆ ಮೂಸಿ ಕಳಿಸಿದ್ದೇನೆ.

ಚಿಕ್ಕುವಿನದ್ದು ಬೇರೆ ಕೆಲಸ. ಮರದಿಂದ ಕೊಯ್ದ ಚಿಕ್ಕುವಿನ ಮೈಮೇಲೆ ಕಂದು ಹೊಟ್ಟು ಇರುತ್ತದೆ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಗೋಣಿಯೊಳಗೆ ಹಾಕಿ, ಇಬ್ಬರು ಎರಡು ತುದಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ತೂಗಿ ತಿಕ್ಕಬೇಕು. ಹೊಟ್ಟೆಲ್ಲ ಉದುರಿ ಹಣ್ಣು ನಯವಾಗಿ ಹೊರಬರುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯವರಾದ ಕಮಲಕ್ಕ ಇದರಲ್ಲಿ ಗಟ್ಟಿಗರು. ತೂಗುತ್ತಾ ಇಡೀ ಪೇಟೆಯ ಸುದ್ದಿ ಹೇಳುವರು.

ಇನ್ನು ಲಿಲ್ಲಿಬಾಯಿಯ ಸುದ್ದಿ. ವಾಮದಪದವಿನವರು, ಮದುವೆ ಊಟಕ್ಕೆ ಅಡುಗೆ ಮಾಡುವವರು. ಹಿಂದೆ ಗಲ್ಫಿನಲ್ಲಿ ಇಂಗ್ಲಿಷ್ ದಂಪತಿಯೊಂದರ ಮನೆಯಲ್ಲಿ ಬಹಳ ವರ್ಷ ಅಡುಗೆಗಿದ್ದು ಬಂದವರು. ಸುತ್ತಿನ ಮೂರು ತಾಲೂಕುಗಳಲ್ಲಿ ಕ್ರಿಶ್ಚಿಯನ್ ಮದುವೆ ಎಂದರೆ ಬಾಫತಿಗೆ ಲಿಲ್ಲಿಬಾಯಿಯೇ ಆಗಬೇಕು, ಅಂಥ ಹೆಸರು. ಬಾಫತ್ ಎಂದರೆ ಕೊತ್ತಂಬರಿ, ಮೆಣಸು, ಜೀರಿಗೆ ಎಲ್ಲ ಹುರಿದು ಅರೆದು ಮಾಡುವ ಮಾಂಸದ ಅಡುಗೆ. ನಮ್ಮ ಅಂಗಡಿಗೆ ಅವರು ಬರುತ್ತಿದ್ದದ್ದು ಅನಾನಸಿಗೆ. ಬುಡ ಮೇಲೆ ಮಾಡಿ, ಮೂಗಿಗೆ ಹಿಡಿದು, ಇದು ಇವತ್ತಿಗೆ, ಇದು ನಾಳೆಗೆ ಎಂದು ಇಟ್ಟುಬಿಡುವರು. ನಾನೇ ಆರಿಸಿದ್ದನ್ನು ಅವರು ಪುನಃ ಆರಿಸುವುದು ಕಂಡು ನನಗೆ ಸಿಟ್ಟು ಬರುತ್ತಿತ್ತು. ಆದರೆ ಒಮ್ಮೆಯೂ ತಪ್ಪಿದವರಲ್ಲ.

ಕೊರೊನಾದ ಕಾಲ ಕಳೆದು ಮದುವೆಗಳೆಲ್ಲ ಮೊದಲಿನ ಹಾಗೆ ಜೋರಾಗಿ ನಡೆಯಲು ಶುರುವಾಗಿತ್ತು. ಒಂದು ದಿನ ಲಿಲ್ಲಿಬಾಯಿ ಬಂದರು. ನಾನು ದನಕ್ಕೆಂದು ಬದಿಗಿಟ್ಟ ರಾಶಿಯಿಂದ ಒಂದು ಅನಾನಸು ಎತ್ತಿ, ಬುಡ ಮೂಸಿ, "ಒಳ್ಳೆ ಪರಿಮಳ" ಎಂದು ಚೀಲಕ್ಕೆ ಹಾಕಿದರು. ಅದು ಹುಳಿದು ಹೆಂಡದ ಹಾಗೆ ನಾರುತ್ತಿತ್ತು, ನಿಂತಲ್ಲಿಗೇ ಬಡಿಯುತ್ತಿತ್ತು.

"ಬಾಯಮ್ಮ, ಅದು ಬೇಡ, ಬೇರೆ ಕೊಡ್ತೇನೆ" ಎಂದೆ.

"ಯಾಕೆ? ನನಗೆ ಮೂಗು ಇಲ್ವಾ?" ಎಂದು ರೇಗಿದರು. ಹಾಗೆ ಕೇಳಿದವರೇ ನನ್ನ ಮುಖ ನೋಡಿ ಹಣ್ಣನ್ನು ಚೀಲದಿಂದ ತೆಗೆದಿಟ್ಟರು. ಸುತ್ತ ಯಾರಿದ್ದಾರೆ ಎಂದು ನೋಡಿ, ತಗ್ಗಿದ ಸ್ವರದಲ್ಲಿ, "ಇಲ್ಲ ಗಿರಿಜಾ. ಆ ಜ್ವರ ಬಂದು ಹೋದ ಮೇಲೆ ಇಲ್ಲ. ಸಗಣಿಯೂ ಒಂದೇ, ಮಲ್ಲಿಗೆಯೂ ಒಂದೇ" ಎಂದರು.

ಡಾಕ್ಟರು ಕಾಯಿರಿ ಎಂದಿದ್ದರಂತೆ. ಕಾಯಲು ಮದುವೆಗಳು ಬಿಡಬೇಕಲ್ಲ. ಮೂಡುಬಿದಿರೆಯಲ್ಲಿ ಒಂದು ದೊಡ್ಡ ಮದುವೆಯ ಊಟಕ್ಕೆ ಒಪ್ಪಿಕೊಂಡಾಗಿತ್ತು. ಸಣ್ಣ ಅಡುಗೆಯನ್ನು ಕಣ್ಣಂದಾಜಿನಲ್ಲಿ ಹೇಗೋ ಸಂಭಾಳಿಸುತ್ತಿದ್ದರು. ಆದರೆ ಬಾಫತಿನ ಕೊತ್ತಂಬರಿ ದೊಡ್ಡ ಬಾಣಲೆಯಲ್ಲಿ ಹೊಗೆಯ ನಡುವೆ ಹುರಿಯುವಾಗ ಬಣ್ಣ ಎಲ್ಲಿ ಕಾಣುತ್ತದೆ? ಇಳಿಸುವ ಹೊತ್ತನ್ನು ಮೂಗೇ ಹೇಳಬೇಕು. ತುಸು ಮೊದಲಾದರೆ ಹಸಿ, ತುಸು ತಡವಾದರೆ ಕಹಿ.

"ಅಡುಗೆಯವಳಿಗೆ ವಾಸನೆ ಗೊತ್ತಾಗುವುದಿಲ್ಲ ಅಂತ ಒಬ್ಬರ ಕಿವಿಗೆ ಬಿದ್ದರೆ ಸಾಕು, ಮತ್ತೆ ನನ್ನನ್ನು ಯಾರು ಕರೀತಾರೆ? ನನ್ನ ಜೊತೆ ನಾಲ್ಕು ಹೆಂಗಸರಿದ್ದಾರೆ. ಅವರ ಮನೆ ಒಲೆಯೂ ಇದರಲ್ಲೇ ಉರಿಯುವುದು. ಯಾರಿಗೂ ಹೇಳ್ಬೇಡ."

ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ. ಈಗ ಬರೆಯುವುದು ಯಾಕೆಂದರೆ ಈಗ ಅವರೇ ಊರೆಲ್ಲ ಹೇಳಿಕೊಂಡು ನಗುತ್ತಾರೆ.

ಆ ಮದುವೆಗೆ ಇನ್ನೂ ಸ್ವಲ್ಪ ಸಮಯವಿತ್ತು. ಅಷ್ಟರಲ್ಲಿ ಹಿಮಾಚಲದ ಸೇಬು ಬಂತು. ಕಮಲಕ್ಕ ಒಂದು ಪೆಟ್ಟಿಗೆ ತೆರೆದವರು ಹಾಗೇ ಹಿಂದೆ ಸರಿದರು. ಒಳಗೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಒರಟು ಕಂದು ಸಿಪ್ಪೆ, ತುಕ್ಕು ಹಿಡಿದ ಹಾಗೆ. ಹಸನಾಕ ಬಂದು ಕನ್ನಡಕ ಏರಿಸಿ ನೋಡಿದರು.

"ಇದು ಸೇಬಾ, ಬಟಾಟೆಯಾ ಕಮಲಾ?"

"ಬಟಾಟೆ ಆದ್ರೆ ಪಲ್ಯಕ್ಕಾದ್ರೂ ಆಗ್ತಿತ್ತು ಹಸನಾಕ."

ಹಸನಾಕ ಮಂಗಳೂರಿನ ಏಜೆಂಟಿಗೆ ಫೋನು ಹಚ್ಚಿದರು. "ನಿಮ್ಮ ಹಿಮಾಚಲದಲ್ಲಿ ಸೇಬಿಗೆ ಕಜ್ಜಿ ಆಗಿದಾ? ಮುಲಾಮು ಕಳಿಸ್ಬೇಕಾ?" ಆಚೆಯವರು ಏನೋ ಹೇಳಿದರು, ಯಾವುದೋ ಹಳೆಯ ತೋಟದ ಮರದ್ದು, ಸಿಹಿ ಉಂಟು, ಮಾರಿ ಎಂದು. "ಸಿಹಿ ಇದ್ರೆ ನಿಮ್ಮ ಮಗಳ ಮದುವೆಗೆ ಹಂಚಿ!" ಎಂದು ಫೋನು ಇಟ್ಟರು.

ಆಗ ಕಮಲಕ್ಕ ಒಂದು ಸೇಬನ್ನು ಉಗುರಿನಿಂದ ಕೆರೆದು ನೋಡಿ, "ಇದು ಚಿಕ್ಕುವಿನ ಹಾಗೇ ಹೊಟ್ಟು ಹಸನಾಕ, ಒಳಗೆ ಹಳದಿ ಉಂಟು ನೋಡಿ. ತಿಕ್ಕಿದ್ರೆ ಹೋಗ್ತದೆ" ಎಂದರು. ಎಲ್ಲರಿಗೂ ಸರಿಯೆಂದು ಕಂಡಿತು. ಬೇರೆ ಯಾವ ಊರಿನಲ್ಲಾದರೂ ಅದನ್ನು ಎಸೆಯುತ್ತಿದ್ದರೋ, ಕಡಿಮೆಗೆ ಮಾರುತ್ತಿದ್ದರೋ. ಚಿಕ್ಕು ತಿಕ್ಕಿ ಪಳಗಿದ ನಾವು ಗೋಣಿ ತಂದೆವು. ಕಮಲಕ್ಕ ಒಂದು ತುದಿ, ನಾನು ಒಂದು ತುದಿ. ಸೇಬು ಗಡಗಡ ಎಂದು ಒಂದಕ್ಕೊಂದು ಡಿಕ್ಕಿ ಹೊಡೆಯಿತು. ಹೊರತೆಗೆದಾಗ ಮೈಯೆಲ್ಲ ತರಚು, ಒಸರಿದ ರಸ ಕಪ್ಪಾಗಿ, ಬಿದ್ದು ಮಂಡಿ ಕೆತ್ತಿಸಿಕೊಂಡ ಮಕ್ಕಳ ಹಾಗೆ ಕಾಣುತ್ತಿತ್ತು.

"ಇನ್ನಷ್ಟು ತಿಕ್ಕಬೇಕೋ ಏನೋ" ಎಂದರು ಹಸನಾಕ, ಸ್ವರದಲ್ಲಿ ಬಲ ಇರಲಿಲ್ಲ.

ಅದೇ ಹೊತ್ತಿಗೆ ಲಿಲ್ಲಿಬಾಯಿ ಹಿಂದಿನ ಕೋಣೆಗೆ ಬಂದರು. ಗೋಣಿಯ ಬಾಯಿ ನೋಡಿ ಎದೆಗೆ ಕೈ ಇಟ್ಟುಕೊಂಡರು.

"ಅಯ್ಯೋ ದೇವಾ! ಎಂತ ಮಾಡಿದ್ದೀರಿ ಇದಕ್ಕೆ?"

"ಕೊಳೆ ತೆಗೀತಿದ್ದೇವೆ ಬಾಯಿ" ಎಂದರು ಕಮಲಕ್ಕ.

"ಕೊಳೆ ಅಲ್ಲ ಮಾರಾಯ್ತಿ, ಅದು ಅದರ ಚರ್ಮ! ಜೀವಂತ ಚರ್ಮ ಸುಲಿದಿದ್ದೀರಿ! ಇದು ರಸೆಟ್ ಸೇಬು."

ಹಸನಾಕ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ಚರ್ಮ ಅಂತ ಏಜೆಂಟ್ ಹೇಳ್ಬೇಕಿತ್ತು" ಎಂದು ಹೊರಗೆ ಹೋದರು. ಕಮಲಕ್ಕ ಗೋಣಿ ಮಡಚುವ ನೆಪದಲ್ಲಿ ಅವರ ಹಿಂದೆಯೇ.

ಲಿಲ್ಲಿಬಾಯಿ ನನ್ನ ಹತ್ತಿರ ಕೂತು ಹೇಳಿದರು. ಗಲ್ಫಿನ ಆ ಮನೆಗೆ ವರ್ಷಕ್ಕೊಮ್ಮೆ ಅಮ್ಮಾವ್ರ ತಂಗಿ ವಿಮಾನದಲ್ಲಿ ಬರುವಾಗ ಒಂದು ಪೆಟ್ಟಿಗೆ ತರುತ್ತಿದ್ದಳು. ಅದರ ಮೇಲೆ ಎಗ್ರೆಮಾಂಟ್ ರಸೆಟ್ ಎಂದು ಬರೆದಿರುತ್ತಿತ್ತು. "ಇದು ಅದೇ ಜಾತಿಯದ್ದಾ, ಅದರ ನೆಂಟರದ್ದಾ ನಂಗೆ ಗೊತ್ತಿಲ್ಲ. ಮೈ ಮಾತ್ರ ಅದೇ. ಅದನ್ನು ಬೇಯಿಸ್ಲಿಕ್ಕೆ ಬಿಡ್ತಿರ್ಲಿಲ್ಲ ಅವರು. ಊಟ ಆದ ಮೇಲೆ ತೆಳ್ಳಗೆ ಹೆಚ್ಚಿ, ಸಣ್ಣ ಬಸಿಯಲ್ಲಿಟ್ಟು, ಚೀಸಿನ ಜೊತೆ ಕೊಡ್ಬೇಕು. ನನಗೂ ಎರಡು ತುಂಡು ತೆಗೆದಿಡ್ತಿದ್ರು. ಅದರ ಪರಿಮಳ ನನಗೆ ನಿದ್ದೆಯಲ್ಲೂ ಗೊತ್ತಾಗ್ತಿತ್ತು."

ತಿಕ್ಕಿದ ಒಂದು ಸೇಬನ್ನು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದು, ತಲೆ ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟರು.

"ನೀನು ಮೂಸು. ಎಂತ ಬರ್ತದೆ ಹೇಳು."

"ಗೋಣಿ ಬರ್ತದೆ. ಮತ್ತೆ ಹುಳಿ. ಕಡಿದಿಟ್ಟ ಬಾಳೆದಿಂಡಿನ ಹಾಗೆ ಒಂದು ಒಗರು."

"ಅಲ್ಲ." ಅವರ ಮುಖ ಇಳಿದುಹೋಯಿತು. ಸೇಬಿಗಾಗಿ ಅಲ್ಲವೆಂದು ನನಗೆ ಆಗ ತಿಳಿಯಲಿಲ್ಲ. ಚೀಲ ಎತ್ತಿ ಹೊರಟೇಬಿಟ್ಟರು.

ಬಾಳೆಗೊನೆಗಳ ಹಿಂದೆ ಅದೇ ತೋಟದ ಇನ್ನೊಂದು ಪೆಟ್ಟಿಗೆ ಇದ್ದದ್ದು ನೆನಪಾಯಿತು. "ನಿಲ್ಲಿ ಬಾಯಮ್ಮ" ಎಂದು ಎಳೆದು ತೆರೆದೆ. ಅದರಲ್ಲಿಯೂ ಕಂದು ಸೇಬು, ಇನ್ನೂ ಗೋಣಿ ಕಾಣದ್ದು. ಒಂದನ್ನು ತೆಗೆದು ತೊಟ್ಟಿನ ಹತ್ತಿರ ಮೂಸಿದೆ. ಜೈನರ ಮನೆಯ ಮಾವು ಮೂಸುತ್ತಿದ್ದ ಹಾಗೆಯೇ, ಅವಸರ ಮಾಡದೆ.

"ಮೊದಲು ಮಣ್ಣು" ಎಂದೆ. "ಮಳೆ ಬಿದ್ದ ಮಣ್ಣಲ್ಲ. ನೆರಳಲ್ಲಿ ಒಣಗಿದ್ದು, ಮಡಕೆ ಅಂಗಡಿಯ ಒಳಗಿನ ಹಾಗೆ. ಆಮೇಲೆ ಗೇರುಬೀಜ. ಹುರಿದದ್ದಲ್ಲ, ಹುರೀಲಿಕ್ಕೆ ಇಟ್ಟು ಈಗಷ್ಟೇ ಬಿಸಿ ಹತ್ತಿದ್ದು. ಕೊನೆಗೆ, ಎಲ್ಲೋ ದೂರದಲ್ಲಿ, ಪೇರಳೆ ಎಲೆ ಹಿಚುಕಿದ ಹಾಗೆ."

ಲಿಲ್ಲಿಬಾಯಿ ಹಳೆಯ ಮರದ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು.

"ಗೇರುಬೀಜ ಅಂತ ನಾನು ಹೇಳಿದ್ರೆ ಅಮ್ಮಾವ್ರು ನಗ್ತಿದ್ರು. ಅವರ ಊರಲ್ಲಿ ಬೇರೆ ಯಾವುದೋ ಬೀಜದ ಹೆಸರು ಹೇಳ್ತಾರಂತೆ. ಆ ಪೇರಳೆ ಎಲೆಯನ್ನು ನಾನು ಯಾರಿಗೂ ಹೇಳಿಲ್ಲ. ಹೇಳ್ಲಿಕ್ಕೆ ಸಿಕ್ಕಿರ್ಲಿಲ್ಲ. ನಿನಗೆ ಸಿಕ್ಕಿತಲ್ಲ."

ಒರೆಸಿಕೊಂಡು ಎದ್ದರು. "ಮೂಡುಬಿದಿರೆಗೆ ನೀನು ಬರ್ಬೇಕು ಗಿರಿಜಾ. ಕೈ ನನ್ನದು, ಮೂಗು ನಿನ್ನದು. ಆಗ್ತದಾ?"

ನನ್ನ ಜೀವ ಹಾರಿತು. ಹಣ್ಣು ಮೂಸುವುದು ಬೇರೆ, ಸಾವಿರಾರು ಜನರ ಊಟ ಬೇರೆ. ಆದರೆ ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಮಸಾಲೆ ಹುರಿಯಲು ಜನ ಕಡಿಮೆ, ಗಿರಿಜಳನ್ನು ಒಂದು ದಿನ ಕಳಿಸಿ ಎಂದು ಲಿಲ್ಲಿಬಾಯಿ ಹಸನಾಕನನ್ನು ಕೇಳಿದರು.

"ಗಿರಿಜಳಿಗೆ ಮಸಾಲೆ ಹುರೀಲಿಕ್ಕೆ ಬರ್ತದಾ? ಅವಳ ಗಂಡನನ್ನು ಕೇಳಿದ್ರಾ?" ಎಂದು ಹಸನಾಕ ನಕ್ಕರು. ಲಿಲ್ಲಿಬಾಯಿ ಹೋದ ಮೇಲೆ ತೂಕದ ಯಂತ್ರ ಒರೆಸುತ್ತಾ, ನನ್ನ ಕಡೆ ನೋಡದೆ, "ಮೆಣಸಿನ ಘಾಟು ಜೋರಿರ್ತದೆ. ಮೂಗು ಜಾಗ್ರತೆ. ಅದು ಕೆಟ್ಟರೆ ನನ್ನ ಅಂಗಡಿಗೂ ಕಷ್ಟ, ಆ ಲಿಲ್ಲಿಬಾಯಿಗೂ ಕಷ್ಟ" ಎಂದರು. ಅವರಿಗೆ ಯಾವಾಗ ತಿಳಿಯಿತೋ, ಎಷ್ಟು ತಿಳಿಯಿತೋ. ಕೊನೆಯವರೆಗೂ ಒಂದು ಮಾತು ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಧಣಿ ಎಂದರೆ ನನಗೆ ಇವತ್ತಿಗೂ ಅವರೇ ಕಣ್ಣ ಮುಂದೆ ಬರುವುದು.

ಮೂಡುಬಿದಿರೆಯ ಆ ಮದುವೆ ಹಾಲ್‌ನ ಹಿಂದೆ ತಗಡಿನ ಮಾಡಿನ ಅಡುಗೆ ಶೆಡ್ಡು. ಬೆಳಿಗ್ಗೆಯೇ ಒಲೆ ಹೊತ್ತಿತ್ತು. ಲಿಲ್ಲಿಬಾಯಿಯ ನಾಲ್ಕು ಹೆಂಗಸರಿಗೆ ಗೊತ್ತಾಗದ ಹಾಗೆ ನಾವು ಒಂದು ಮಾತು ಇಟ್ಟುಕೊಂಡಿದ್ದೆವು. ಬಾಣಲೆ ಇಳಿಸುವ ಹೊತ್ತಾದಾಗ ನಾನು "ಬಾಯಮ್ಮ, ನೀರು ಬೇಕಾ?" ಎಂದು ಕೇಳಬೇಕು.

ಆದರೆ ಮೊದಲು ಹುರಿದದ್ದು ಮೆಣಸು. ಹಸನಾಕ ಹೇಳಿದ ಘಾಟು ಬಂದು ಬಡಿಯಿತು. ನಾನು ಸೀನಲು ಶುರು ಮಾಡಿದವಳು ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಮೂಗು ಕಟ್ಟಿ ಹೋಯಿತು. ಒಬ್ಬಳು ಹೆಂಗಸು, "ಹಣ್ಣಿನವಳನ್ನು ಎಂತಕ್ಕೆ ಕರ್ಕೊಂಡು ಬಂದದ್ದು ಬಾಯಿ? ಮದುಮಗಳಿಗಿಂತ ಮೊದಲು ಇವಳೇ ಅಳ್ತಾಳೆ" ಎಂದಳು. ಎಲ್ಲರೂ ನಕ್ಕರು. ಲಿಲ್ಲಿಬಾಯಿ ನಗಲಿಲ್ಲ. ಬಾಣಲೆಗೆ ಕೊತ್ತಂಬರಿ ಸುರಿದಾಗಿತ್ತು. ಈಗ ಅಲ್ಲಿ ಮೂಗಿಲ್ಲದವರು ಇಬ್ಬರು.

ಅವರು ಸೆರಗಿನಿಂದ ಕೈ ಒರೆಸಿ, ತಮ್ಮ ಚೀಲದಿಂದ ಒಂದು ಕಂದು ಸೇಬು ತೆಗೆದು ನನ್ನ ಕೈಗಿಟ್ಟರು. "ಹೊರಗೆ ಹೋಗು. ಬಾವಿಕಟ್ಟೆಯ ಹತ್ತಿರ ನಿಲ್ಲು. ಇದರಲ್ಲಿ ಮೂರೂ ಸಿಕ್ಕಿದ ಮೇಲೆ ಬಾ. ಅಷ್ಟರವರೆಗೆ ನಾನು ಬೆಂಕಿ ಇಳಿಸಿ ಕೈಯಾಡಿಸ್ತೇನೆ."

ಬಾವಿಯ ಹತ್ತಿರ ಮುಖ ತೊಳೆದು, ಸೇಬನ್ನು ಮೂಗಿಗೆ ಒತ್ತಿ ನಿಂತೆ. ಏನೂ ಇಲ್ಲ. ಲಿಲ್ಲಿಬಾಯಿಗೆ ದಿನವೂ ಹೀಗೇ ಎಂದು ಆಗ ತಿಳಿಯಿತು. ಒಳಗೆ ಸಟ್ಟುಗ ಬಾಣಲೆಗೆ ತಾಗುವ ಸದ್ದು ಕೇಳುತ್ತಲೇ ಇತ್ತು. ಮೂಗು ಸೀಟಿ ಪುನಃ ಹಿಡಿದೆ. ಮಣ್ಣು ಬಂತು. ನಿಂತೆ. ಗೇರುಬೀಜ ಬಂತು. ಒಳಗೆ ಓಡಬೇಕೆನಿಸಿತು, ತಡೆದುಕೊಂಡೆ. ಆ ಎಲೆ ಬಂದ ಮೇಲೆಯೇ ಓಡಿದ್ದು.

ಬಾಣಲೆಯ ಬದಿಗೆ ನಿಂತಾಗ ಕೊತ್ತಂಬರಿ ಇನ್ನೂ ಹಸಿ ಹುಲ್ಲಿನ ಹಾಗೆ ಇತ್ತು. ಲಿಲ್ಲಿಬಾಯಿ ಕಣ್ಣಲ್ಲೇ ಕೇಳಿದರು. ಇನ್ನೂ ಇಲ್ಲವೆಂದು ನಾನು ತಲೆ ಅಲ್ಲಾಡಿಸಿದೆ. ಬೆಂಕಿ ಜೋರು ಮಾಡಿದರು. ಹುಲ್ಲು ಹೋಗಿ ಮರದ ಪರಿಮಳ ಬಂತು. ಆಮೇಲೆ ಅದರೊಳಗಿಂದ ಒಂದು ಸಿಹಿ ತಲೆ ಎತ್ತಿತು, ಎತ್ತಿದ್ದು ಹಾಗೇ ತುಂಬಿತು.

"ಬಾಯಮ್ಮ, ನೀರು ಬೇಕಾ?"

"ಇಳಿಸಿ!" ಎಂದರು ಲಿಲ್ಲಿಬಾಯಿ. ನಾಲ್ಕು ಕೈ ಸೇರಿ ಬಾಣಲೆ ಕೆಳಗೆ ಬಂತು.

ಮಧ್ಯಾಹ್ನ ಊಟ ಮುಗಿಯುವಾಗ ಮದುಮಗನ ಅಜ್ಜ ಕೋಲು ಊರಿಕೊಂಡು ಶೆಡ್ಡಿಗೆ ಬಂದರು. ಯಾವ ಮದುವೆಯಲ್ಲಿಯೂ ಏನಾದರೂ ಕೊರತೆ ಹೇಳದೆ ಹೋಗುವವರಲ್ಲ ಎಂದು ಹೆಂಗಸರು ಮೊದಲೇ ಹೆದರಿದ್ದರು. ಅಜ್ಜ ಬಟ್ಟಲು ಮುಂದೆ ಹಿಡಿದು, "ಇನ್ನೂ ಸ್ವಲ್ಪ ಹಾಕು. ನಿನ್ನ ಕೈ ಹಾಗೇ ಉಂಟು ಲಿಲ್ಲಿ" ಎಂದರು.

"ಹೌದು ಅಜ್ಜ" ಎಂದರು ಲಿಲ್ಲಿಬಾಯಿ, "ಕೈ ಮಾತ್ರ ನನ್ನದೇ."

ಆಮೇಲೆ ಎಷ್ಟೋ ಮದುವೆಗಳಿಗೆ ಹೋದೆ, ಅಂಗಡಿ ಬಿಟ್ಟ ಮೇಲೂ ಹೋಗುತ್ತೇನೆ. ಲಿಲ್ಲಿಬಾಯಿಗೆ ಸುಟ್ಟ ವಾಸನೆ ಈಗ ಸ್ವಲ್ಪ ತಿಳಿಯುತ್ತದೆ, ಕಾಫಿ ಅರ್ಧ ತಿಳಿಯುತ್ತದೆ. ಉಳಿದದ್ದು ಬಂದಿಲ್ಲ. ಆ ಕಂದು ಸೇಬೂ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಏಜೆಂಟರನ್ನು ಕೇಳಿದರೆ, ಆ ಹಳೆಯ ಮರಗಳನ್ನು ಕಡಿದು ಕೆಂಪು ಸೇಬು ನೆಟ್ಟಿದ್ದಾರೆ ಎಂದರಂತೆ. ಹೆಣ್ಣುಮಕ್ಕಳೇ, ನೀವು ಕೂರುವ ಜಾಗದಲ್ಲಿ ಯಾವತ್ತಾದರೂ ಚಂದವಿಲ್ಲದ ಹಣ್ಣು ಬಂದರೆ, ಆಚೆ ಈಚೆ ಮಾಡುವ ಮೊದಲು ಒಮ್ಮೆ ತೊಟ್ಟಿನ ಹತ್ತಿರ ಮೂಸಿ ನೋಡಿ.

ಮೂಡುಬಿದಿರೆಯ ಆ ಮದುವೆಯ ದಿನ ಪಾತ್ರೆಯೆಲ್ಲ ತೊಳೆದಾದ ಮೇಲೆ ನಾವು ಊಟಕ್ಕೆ ಕೂತೆವು. ಉಳಿದದ್ದು ಬಾಫತಿನ ಗಸಿ, ತಣ್ಣಗಾದ ಸಣ್ಣ ಎಂಬ ಇಡ್ಲಿಗಳು, ಒಂದಿಷ್ಟು ತುಪ್ಪದನ್ನ. ಎಲ್ಲ ತಿಂದಾದ ಮೇಲೆ ಲಿಲ್ಲಿಬಾಯಿ ಆ ಸೇಬನ್ನು ತೆಳ್ಳಗೆ ಹೆಚ್ಚಿ ಬಾಳೆಎಲೆಯ ಮೇಲೆ ಹರವಿ ಎಲ್ಲರಿಗೂ ಹಂಚಿದರು, ತಾವೂ ತಿಂದರು. ಹಿಂದಿರುಗುವಾಗ ಟೆಂಪೋದಲ್ಲಿ ಕಡಾಯಿಗಳ ನಡುವೆ ನಾವಿಬ್ಬರೂ ಒತ್ತಿಕೊಂಡು ಕೂತಿದ್ದೆವು. ಹೊರಗೆ ಇನ್ನೂ ಬಿಸಿಲಿತ್ತು.

"ಬಾಯಮ್ಮ, ಸೇಬು ಹೇಗಿತ್ತು?" ಎಂದೆ.

"ತಣ್ಣಗೆ ಇತ್ತು. ಕರಕರ ಅಂತಿತ್ತು. ಉಳಿದದ್ದು ನೀನು ಹೇಳು."

ಹೇಳಿದೆ. ಮಣ್ಣಿನದ್ದು ಹೇಳಿದೆ. ಗೇರುಬೀಜದ್ದು ಹೇಳುತ್ತಿರುವಾಗ ಅವರ ತಲೆ ನನ್ನ ಹೆಗಲಿಗೆ ವಾಲಿತು. ನಾಲ್ಕು ಹೆಂಗಸರು ಇನ್ನೂ ಎಚ್ಚರವಿದ್ದರು, ನಾನೂ ಎಚ್ಚರವಿದ್ದೆ. ಮೊದಲು ನಿದ್ದೆ ಹೋದದ್ದು ಲಿಲ್ಲಿಬಾಯಿ.